ಕೊಡ ಹೊರಬ್ಯಾಡ ಅಂದ ಕೈಯೇ ದೋಣಿ ನಡೆಸಿತು!

ಇಟಗಿ: ಈ ಊರಿನ ಹೆಸರು ಹೇಳಿದರೆ ಸಾಕು, ಎಲ್ಲರಿಗೂ ನೆನಪಾಗೋದು ಮಹಾದೇವ ದೇವಾಲಯ. ಚಾಲುಕ್ಯರ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ದೂರದೂರಿಂದ ಜನ ಬಂದು ಆ ಕಲ್ಲಿನ ಕೆಲಸ ನೋಡಿ ಬಾಯಿ ಮೇಲೆ ಬೆರಳಿಟ್ಟುಕೊಳ್ತಾರೆ. ಆದರೆ ಇವತ್ತಿನ ಮಾತು ಗುಡಿಯದಲ್ಲ, ಕೈಯದು. ಕಲ್ಲು ಕೆತ್ತಿದ ಕೈಯದೂ ಅಲ್ಲ, ಕೊಡ ಹೊತ್ತ ಕೈಯದು.

ಇಟಗಿಯಲ್ಲಾಗಲಿ, ಪಕ್ಕದ ಬನ್ನಿಕೊಪ್ಪ, ಕುಕನೂರು ಕಡೆಯಾಗಲಿ, ಒಬ್ಬ ಹೆಣ್ಣುಮಗಳ ಬಲಗೈ ಒಂದು ದಿನಕ್ಕೆ ಎಷ್ಟು ಕೆಲಸ ಮಾಡುತ್ತೆ ಅಂತ ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ನಸುಕಿನಾಗ ನೀರಿನ ಕೊಡ. ಆಮೇಲೆ ಜೋಳದ ರೊಟ್ಟಿ ಬಡಿಯೋದು. ಬಟ್ಟೆ ಒಗೆಯೋದು. ಹೊಲಕ್ಕೆ ಹೋದರೆ ಕಳೆ ತೆಗೆಯೋದು, ಹತ್ತಿ ಬಿಡಿಸೋದು. ಸಂಜೆಗೆ ಬರುವಾಗ ತಲೆ ಮೇಲೆ ಕಟ್ಟಿಗೆ ಹೊರೆ. ಮನೆಗೆ ಬಂದರೆ ಮತ್ತೆ ಒಲೆ, ಮತ್ತೆ ರೊಟ್ಟಿ.

ಇಂಥ ಹೆಣ್ಣುಮಗಳಿಗೆ ಸ್ತನ ಕ್ಯಾನ್ಸರ್ ಬಂತು ಅಂದುಕೊಳ್ಳಿ. ಆಪರೇಷನ್ ಆಯ್ತು. ಮನೆಗೆ ಕಳಿಸುವಾಗ ಆಸ್ಪತ್ರೆಯಲ್ಲಿ ಬಹಳ ವರ್ಷ ಹೇಳುತ್ತಿದ್ದ ಮಾತು ಒಂದೇ. "ನೋಡವ್ವಾ, ಇನ್ನ ಮ್ಯಾಲೆ ಈ ಕೈಲೆ ಭಾರ ಎತ್ತಬ್ಯಾಡ." ಈಗಲೂ ಎಷ್ಟೋ ಮನೆಗಳಲ್ಲಿ ನಡೆಯೋದು ಈ ಮಾತೇ.

ಹೇಳೋದು ಸುಲಭ. ಆದರೆ ಭಾರ ಎತ್ತದ ಕೈ ಇಟ್ಟುಕೊಂಡು ಹಳ್ಳಿಯೊಳಗೆ ಬಾಳೋದು ಹೇಗೆ? ಕೂಲಿ ಹೋಯ್ತು. ಅಡುಗೆ ಮನೆ ಸೊಸೆಯ ಪಾಲಾಯ್ತು. "ಪಾಪ, ಆಕಿ ಕೈಲಾಗದಾಕಿ" ಅಂತ ಓಣಿಯೊಳಗೆ ಹೆಸರು ಬಿತ್ತು. ಕ್ಯಾನ್ಸರ್ ಹೋದರೂ ಆ ಹೆಸರು ಹೋಗಲಿಲ್ಲ.

ಈ ಮಾತನ್ನು ಪರೀಕ್ಷೆ ಮಾಡಿ ನೋಡಿದವರು ಕೆನಡಾ ದೇಶದ ಒಬ್ಬ ಡಾಕ್ಟರು ಮತ್ತು 24 ಮಂದಿ ಹೆಂಗಸರು. ಪರೀಕ್ಷೆ ನಡೆದದ್ದು ಆಸ್ಪತ್ರೆಯ ಮಂಚದ ಮೇಲಲ್ಲ, ನೀರಿನ ಮೇಲೆ. ದೋಣಿಯೊಳಗೆ!

ಬಸಿಗಾಲುವೆ ಕಡಿದರೆ...

ಮೊದಲು ಕೈಗೂ ಎದೆ ಆಪರೇಷನ್ನಿಗೂ ಏನು ಸಂಬಂಧ ಅನ್ನೋದನ್ನು ತಿಳಿಯೋಣ.

ಗಂಗಾವತಿ ಕಡೆ ನೀರಾವರಿ ಹೊಲ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ತುಂಗಭದ್ರಾ ಕಾಲುವೆಯಿಂದ ಗದ್ದೆಗೆ ನೀರು ಬರುತ್ತೆ. ಹೆಚ್ಚಾದ ನೀರು ಬಸಿಗಾಲುವೆಯಲ್ಲಿ ಹೊರಗೆ ಹೋಗಬೇಕು. ಆ ಬಸಿಗಾಲುವೆ ಮುಚ್ಚಿದರೆ ನೀರು ನಿಂತು ಹೊಲ ಜವಳು ಹಿಡಿಯುತ್ತೆ.

ನಮ್ಮ ಮೈಯೊಳಗೂ ಇಂಥದೇ ಬಸಿಗಾಲುವೆ ಇದೆ. ರಕ್ತನಾಳದಿಂದ ಹೊರಗೆ ಬಸಿದ ನೀರಿನಂಥ ರಸವನ್ನು ಸಣ್ಣ ಸಣ್ಣ ನಾಳಗಳು ಒಟ್ಟು ಮಾಡಿ ವಾಪಸ್ ರಕ್ತಕ್ಕೆ ಸೇರಿಸುತ್ತವೆ. ಇದಕ್ಕೆ ದುಗ್ಧರಸ ಅನ್ನುತ್ತಾರೆ. ಕೈಯ ದುಗ್ಧರಸ ಕಂಕುಳಿನ ಗ್ರಂಥಿಗಳ ಮೂಲಕ ಹಾದು ಹೋಗಬೇಕು. ಸ್ತನ ಕ್ಯಾನ್ಸರ್ ಮೊದಲು ಹರಡೋದು ಇದೇ ಕಂಕುಳಿನ ಗ್ರಂಥಿಗಳಿಗೆ. ಅದಕ್ಕೇ ಆಪರೇಷನ್ ಹೊತ್ತಿನಲ್ಲಿ ಅವನ್ನೂ ತೆಗೆಯುತ್ತಾರೆ. ಕರೆಂಟ್ ಅಂತ ನಮ್ಮ ಜನ ಕರೆಯೋ ರೇಡಿಯೇಷನ್ ಕೊಟ್ಟಾಗಲೂ ಅಲ್ಲಿನ ನಾಳಗಳು ಬಿಗಿಯುತ್ತವೆ. ಬಸಿಗಾಲುವೆ ಕಡಿದ ಹಾಗಾಯ್ತು. ಕೆಲವರಿಗೆ ಕೈ ಬಾತುಕೊಳ್ಳುತ್ತೆ. ತಿಂಗಳಿಗೇ ಬರಬಹುದು, ವರ್ಷಗಳ ಮೇಲೂ ಬರಬಹುದು. ಬಳೆ ಏರೋದಿಲ್ಲ, ಕುಪ್ಪಸದ ತೋಳು ಹಿಡಿಸೋದಿಲ್ಲ.

ಹಿಂದೆ ಈ ಬಾವು ಇನ್ನೂ ಹೆಚ್ಚಾಗಿತ್ತು. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1880ರ ದಶಕದಲ್ಲಿ ಶುರು ಮಾಡಿದ ಆಪರೇಷನ್ನಿನಲ್ಲಿ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿ, ಎಲ್ಲವನ್ನೂ ಸಾರಿಸಿ ತೆಗೆಯುತ್ತಿದ್ದರು. ಸುಮಾರು 90 ವರ್ಷ ಅದೇ ನಡೆಯಿತು. ಈಗ ಅಷ್ಟು ಕಡಿಯೋದಿಲ್ಲ. ಎಷ್ಟೋ ಜನರಿಗೆ ಗಂಟಷ್ಟೇ ತೆಗೆದು ಸ್ತನ ಉಳಿಸುತ್ತಾರೆ. ಮೊದಲ ಒಂದೆರಡು ಗ್ರಂಥಿ ಪರೀಕ್ಷೆ ಮಾಡಿ ಮಿಕ್ಕಿದ್ದನ್ನು ಬಿಡುತ್ತಾರೆ. ಆದರೂ ತಡವಾಗಿ ಬಂದವರಿಗೆ ದೊಡ್ಡ ಆಪರೇಷನ್ ತಪ್ಪೋದಿಲ್ಲ. ನಮ್ಮ ಕಡೆ ತಡವಾಗಿ ಬರುವವರೇ ಹೆಚ್ಚು.

ಕೈಗೆ ಕೆಲಸ ಕೊಟ್ಟರೆ ರಸ ಹೆಚ್ಚು ಬಸಿಯುತ್ತೆ, ಬಾವು ಬರುತ್ತೆ. ಡಾಕ್ಟರುಗಳ ಹಳೆಯ ಲೆಕ್ಕ ಇದು. ಹಾಗಾಗಿ ಕೈಯನ್ನು ಸುಮ್ಮನೆ ಇಡಿ ಅಂದರು. ಲೆಕ್ಕ ಸರಿಯಾಗೇ ಕಾಣುತ್ತಿತ್ತು. ಆದರೆ ಅದನ್ನು ಯಾರೂ ತೂಗಿ ನೋಡಿರಲಿಲ್ಲ.

ವ್ಯಾಂಕೂವರಿನ ಡಾಕ್ಟರು

ಕೆನಡಾದ ಪಶ್ಚಿಮ ಕಡಲ ದಂಡೆಯ ಊರು ವ್ಯಾಂಕೂವರ್. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾನ್ ಮೆಕೆಂಜಿ ಎಂಬ ಡಾಕ್ಟರು. ಇವರು ಕ್ಯಾನ್ಸರ್ ಡಾಕ್ಟರಲ್ಲ, ಕ್ರೀಡಾಪಟುಗಳ ಡಾಕ್ಟರು. ವ್ಯಾಯಾಮದಿಂದ ಮೈಗೆ ಏನಾಗುತ್ತೆ ಅನ್ನೋದು ಇವರ ವಿದ್ಯೆ. ದೋಣಿ ಆಟಗಾರರ ಒಡನಾಟವೂ ಇತ್ತು.

ಅವರಿಗೆ ಬಂದ ಅನುಮಾನ ಇಷ್ಟೇ. ದುಗ್ಧರಸವನ್ನು ತಳ್ಳೋಕೆ ಹೃದಯದ ಹಾಗೆ ಬೇರೆ ಪಂಪು ಇಲ್ಲ. ಸ್ನಾಯು ಬಿಗಿದು ಸಡಿಲಾಗೋದೇ ಅದಕ್ಕೆ ದೊಡ್ಡ ಪಂಪು. ಹಾಗಿದ್ದ ಮೇಲೆ ಕೈಯನ್ನು ಕಟ್ಟಿ ಕೂಡಿಸಿದರೆ ಪಂಪು ಬಂದ್ ಮಾಡಿದ ಹಾಗಲ್ಲವೇ?

ಪರೀಕ್ಷೆಗೆ ಅವರು ಆರಿಸಿಕೊಂಡಿದ್ದು ಡ್ರ್ಯಾಗನ್ ದೋಣಿ. ಟೀವಿಯಲ್ಲಿ ಕೇರಳದ ಹಾವಿನ ದೋಣಿ ಸ್ಪರ್ಧೆ ನೋಡಿದವರಿಗೆ ಅಂದಾಜು ಸಿಗುತ್ತೆ. ಇದು ಅಷ್ಟು ಉದ್ದ ಇಲ್ಲ. ಸುಮಾರು 40 ಅಡಿ. ಮುಂದೆ ಡ್ರ್ಯಾಗನ್ ಎಂಬ ಚೀನೀ ಕಥೆಯ ಪ್ರಾಣಿಯ ತಲೆ, ಹಿಂದೆ ಬಾಲ. ಜೋಡಿ ಜೋಡಿಯಾಗಿ 20 ಮಂದಿ ಕೂತು ಹುಟ್ಟು ಹಾಕಬೇಕು. ಮುಂದೆ ಒಬ್ಬರು ನಗಾರಿ ಬಾರಿಸ್ತಾರೆ, ಹಿಂದೆ ಒಬ್ಬರು ದಿಕ್ಕು ಹಿಡೀತಾರೆ. ನಗಾರಿಯ ತಾಳಕ್ಕೆ 20 ಹುಟ್ಟು ಒಟ್ಟಿಗೆ ನೀರಿಗೆ ಬೀಳಬೇಕು. ಒಬ್ಬರು ತಪ್ಪಿದರೆ ಎಲ್ಲರ ತಾಳ ತಪ್ಪಿತು.

ಚೀನಾದಲ್ಲಿ ಇದರ ಹಿಂದೆ 2 ಸಾವಿರ ವರ್ಷಕ್ಕೂ ಹಳೆಯ ಕಥೆ ಇದೆ. ಕ್ಯೂ ಯುವಾನ್ ಎಂಬ ಕವಿ, ಮಂತ್ರಿಯೂ ಆಗಿದ್ದವನು, ನಾಡು ಹಾಳಾಗೋದು ನೋಡಲಾರದೆ ಹೊಳೆಗೆ ಹಾರಿದ. ಜನ ದೋಣಿ ತೆಗೆದುಕೊಂಡು ಅವನನ್ನು ಉಳಿಸೋಕೆ ಓಡಿದರು ಅಂತ ಪ್ರತೀತಿ. ಅವನ ನೆನಪಿಗೆ ಪ್ರತಿ ವರ್ಷ ದೋಣಿ ಸ್ಪರ್ಧೆ. ಒಬ್ಬ ಮನುಷ್ಯನನ್ನು ಉಳಿಸೋಕೆ ಊರೇ ಹುಟ್ಟು ಹಿಡಿದ ಆಟ ಅನ್ನಿ.

ಈ ಆಟವೇ ಯಾಕೆ? ಪೂರಾ ಕೈ, ಭುಜ, ಬೆನ್ನಿಗೆ ಕೆಲಸ. ಒಂದೇ ಚಲನೆ ಮತ್ತೆ ಮತ್ತೆ. ಮೈ ಭಾರ ಕಾಲ ಮೇಲೆ ಬೀಳೋದಿಲ್ಲ, ಪೆಟ್ಟಾಗೋ ಭಯ ಕಡಿಮೆ. 'ಮಾಡಬ್ಯಾಡ' ಅಂದ ಕೆಲಸವೆಲ್ಲ ಇದರೊಳಗೇ ಇತ್ತು.

24 ಹೆಂಗಸರು

1996ರ ಫೆಬ್ರವರಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 24 ಹೆಂಗಸರು ಒಪ್ಪಿ ಬಂದರು. 31ರ ವಯಸ್ಸಿನವರಿಂದ 62ರವರೆಗೆ. ಹೆಚ್ಚಿನವರು ಹಿಂದೆ ಹುಟ್ಟು ಮುಟ್ಟಿದವರೇ ಅಲ್ಲ. ಕೆಲವರಿಗೆ ಆಗಲೇ ಕೈ ಬಾತಿತ್ತು.

ಬಂದ ದಿನವೇ ದೋಣಿ ಹತ್ತಿಸಲಿಲ್ಲ. ಮೊದಲು ಎರಡು ತಿಂಗಳು ಒಳಗೇ ವ್ಯಾಯಾಮ. ಸಣ್ಣ ಭಾರದಿಂದ ಶುರು, ನಿಧಾನವಾಗಿ ಏರಿಕೆ. ಆಮೇಲೆ ನೀರಿಗೆ ಇಳಿದರು. ಉದ್ದಕ್ಕೂ ಕೈ ಅಳತೆ, ತಪಾಸಣೆ. ಜೂನ್ ತಿಂಗಳಿಗೆ ವ್ಯಾಂಕೂವರಿನ ಡ್ರ್ಯಾಗನ್ ದೋಣಿ ಹಬ್ಬದ ಸ್ಪರ್ಧೆಯಲ್ಲಿ ಎಲ್ಲರೆದುರು ಹುಟ್ಟು ಹಾಕಿದರು. ತಂಡಕ್ಕೆ ಇಟ್ಟ ಹೆಸರು 'ಅಬ್ರೆಸ್ಟ್ ಇನ್ ಎ ಬೋಟ್'. ಇಂಗ್ಲಿಷಿನಲ್ಲಿ ಸಾಲಾಗಿ ಭುಜಕ್ಕೆ ಭುಜ ಕೊಟ್ಟು ಅನ್ನೋದು ಅದರ ಅರ್ಥ. ಎದೆ ಎಂಬ ಮಾತೂ ಅದರೊಳಗೇ ಅಡಗಿದೆ. ಮುಚ್ಚಿಡೋ ಮಾತನ್ನೇ ಬೋರ್ಡಿನ ಮೇಲೆ ಬರೆದ ಹಾಗೆ!

ಫಲಿತಾಂಶ? ಹೊಸದಾಗಿ ಒಬ್ಬರಿಗೂ ಕೈ ಬಾವು ಬರಲಿಲ್ಲ. ಮೊದಲೇ ಬಾವು ಇದ್ದವರಿಗೂ ಹೆಚ್ಚಾಗಲಿಲ್ಲ. 1998ರಲ್ಲಿ ಮೆಕೆಂಜಿ ಇದನ್ನು ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದು ಜಗತ್ತಿನ ಮುಂದಿಟ್ಟರು.

24 ಜನರ ಲೆಕ್ಕ ಸಣ್ಣದು ಅಂತ ಯಾರಾದರೂ ಅನ್ನಬಹುದು. ಅದಕ್ಕೂ ಉತ್ತರ ಬಂತು. ಅಮೆರಿಕದಲ್ಲಿ ಕ್ಯಾಥರಿನ್ ಶ್ಮಿಟ್ಜ್ ಎಂಬ ಸಂಶೋಧಕಿ ಮತ್ತು ಅವರ ಜೊತೆಯವರು ಕೈ ಬಾವು ಇದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಎರಡು ಸಲ ಭಾರ ಎತ್ತಿಸಿದರು, ಇನ್ನೊಂದಕ್ಕೆ ಇಲ್ಲ. ಒಂದು ವರ್ಷ ನೋಡಿದರು. 2009ರಲ್ಲಿ ಬಂದ ವರದಿ ಪ್ರಕಾರ ಭಾರ ಎತ್ತಿದವರಿಗೆ ಬಾವು ಹೆಚ್ಚಾಗಲಿಲ್ಲ. ಬದಲಿಗೆ ಬಾವು ಕೆರಳೋದು ಅವರಲ್ಲೇ ಕಡಿಮೆ. ಕೈಗೆ ಬಲವೂ ಬಂತು.

ಅಂದರೆ ಹಳೆಯ ಲೆಕ್ಕ ತಪ್ಪು. ನಿಧಾನವಾಗಿ ಕೆಲಸ ಕೊಟ್ಟರೆ ಕೈ ಉಳಿಯುತ್ತೆ.

ಡಾಕ್ಟರು ಕಲಿಸಿದರು, ಅಕ್ಕಂದಿರು ಬೆಳೆಸಿದರು

ಮೆಕೆಂಜಿ ಹಾಕಿದ್ದ ಯೋಜನೆ ಒಂದೇ ಹಂಗಾಮಿನದು. ಜೂನ್ ಮುಗೀತು, ಲೆಕ್ಕ ಸಿಕ್ಕಿತು, ಎಲ್ಲರೂ ಮನೆಗೆ ಹೋಗಬಹುದಿತ್ತು. ಹೆಂಗಸರು ಹುಟ್ಟು ಕೆಳಗಿಡಲಿಲ್ಲ. ಮರುವರ್ಷವೂ ಬಂದರು. ಹೊಸಬರನ್ನು ಕರೆತಂದರು. ಕೆನಡಾದ ಬೇರೆ ಊರುಗಳಲ್ಲಿ ದೋಣಿ ಇಳಿದವು.

ಅಲ್ಲಿಂದ ಕಡಲು ದಾಟಿಸಿದವರಲ್ಲಿ ಒಬ್ಬಾಕೆ ಮಿಷೆಲ್ ಹ್ಯಾಂಟನ್. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಊರಿನವರು. ತಾವೇ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರು. ಕೆನಡಾದ ಸುದ್ದಿ ತಿಳಿದು 1998ರಲ್ಲಿ ಡಾರ್ವಿನ್‌ನಲ್ಲೇ 'ಡ್ರ್ಯಾಗನ್ಸ್ ಅಬ್ರೆಸ್ಟ್' ಶುರು ಮಾಡಿದರು. ಡಾಕ್ಟರ್ ಪದವಿ ಬೇಕಾಗಲಿಲ್ಲ. "ನನಗೂ ಆಗಿತ್ತು, ನೀನೂ ಬಾ" ಅನ್ನೋ ಅಧಿಕಾರ ಇತ್ತು. ಅದೇ ದೊಡ್ಡದು. ಆ ಸಂಘ ದೇಶದ ಉದ್ದಗಲಕ್ಕೆ ಹಬ್ಬಿತು. 2007ರಲ್ಲಿ ಆಸ್ಟ್ರೇಲಿಯಾದ ಕಲೌಂಡ್ರಾ ಊರಿನಲ್ಲಿ ಜಗತ್ತಿನ ಇಂಥ ತಂಡಗಳೆಲ್ಲ ಬಂದು ಸೇರಿದವು.

2010ರಲ್ಲಿ ಈ ಹೆಂಗಸರ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. 2018ರಲ್ಲಿ ಇಟಲಿಯ ಫ್ಲಾರೆನ್ಸ್ ಊರಿನ ಹೊಳೆಯಲ್ಲಿ ಸೇರಿದ ತಂಡಗಳು ನೂರಕ್ಕೂ ಹೆಚ್ಚು. 2023ರಲ್ಲಿ ನ್ಯೂಜಿಲೆಂಡ್. ಈಗ 30ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ದೋಣಿಗಳಿವೆ. ಎಲ್ಲರ ಗುರುತು ಗುಲಾಬಿ ಬಣ್ಣ.

ಸ್ಪರ್ಧೆ ಮುಗಿದ ಮೇಲೆ ಇವರದೊಂದು ಪದ್ಧತಿ ಇದೆ. ದೋಣಿಗಳನ್ನೆಲ್ಲ ಒತ್ತಟ್ಟಿಗೆ ತಂದು ಒಬ್ಬರ ದೋಣಿ ಒಬ್ಬರು ಹಿಡಿದುಕೊಳ್ತಾರೆ. ಆಮೇಲೆ ಗುಲಾಬಿ ಬಣ್ಣದ ಹೂವನ್ನು ನೀರಿಗೆ ಬಿಡ್ತಾರೆ. ಹೋದವರ ನೆನಪಿಗೆ. ಯಾಕಂದರೆ ಹೋದ ವರ್ಷ ಪಕ್ಕದಲ್ಲಿ ಕೂತವಳು ಈ ವರ್ಷ ಇಲ್ಲದಿರಬಹುದು. ಹುಟ್ಟು ಹಾಕಿದರೆ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಇವರು ಯಾರೂ ಹೇಳೋದಿಲ್ಲ. ಇದ್ದಷ್ಟು ದಿನ ಕೈ ಕಟ್ಟಿ ಕೂಡೋದಿಲ್ಲ ಅಂತಾರೆ, ಅಷ್ಟೇ.

ರೋಗ ಕಂಡವಳೇ ರೋಗಿಗೆ ಧೈರ್ಯ ಹೇಳೋದು ಹೊಸದಲ್ಲ. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬಾಕೆ ಆಪರೇಷನ್ ಆದ ಮೇಲೆ ಏನು ಕೇಳಿದರೂ ಆಸ್ಪತ್ರೆಯಲ್ಲಿ ಉತ್ತರ ಸಿಗದೆ ರೋಸಿದರು. ಇಂಥದೇ ಆಪರೇಷನ್ ಆದವರನ್ನು ತಾವೇ ಹೋಗಿ ಕಾಣೋಕೆ ಶುರು ಮಾಡಿದರು. ಡಾಕ್ಟರುಗಳು ಸಿಟ್ಟಾದರು, ಒಳಗೆ ಬಿಡಲಿಲ್ಲ. ಆಕೆ ಬಿಡಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ ಆ ಕೆಲಸವನ್ನು ತನ್ನದು ಮಾಡಿಕೊಂಡಿತು.

ಇಟಗಿಗೆ ದೋಣಿ ಎಲ್ಲಿಂದ ತರೋದು?

ಇಲ್ಲಿಗೆ ಅಂಗಡಿ ಕಟ್ಟೆ ಮೇಲೆ ಕೂತ ಹಿರಿಯರು ಕೇಳಿಯೇ ಕೇಳ್ತಾರೆ. "ಅಲ್ರೀ, ಕೆನಡಾದ ಕಥಿ ನಮಗ್ಯಾಕ? ಇಟಗ್ಯಾಗ ದೋಣಿ ಹೋಗೋವಷ್ಟು ಹೊಳಿ ಎಲ್ಲೈತಿ?"

ಇಲ್ಲ, ನಿಜ. ಗುಡಿ ಮುಂದಿನ ಪುಷ್ಕರಣಿಯಲ್ಲಿ ದೋಣಿ ಬಿಡೋಕೆ ಬರೋದಿಲ್ಲ. ಜಿಲ್ಲೆಯೊಳಗೆ ಹುಟ್ಟು ನೋಡಬೇಕಾದರೆ ಆನೆಗೊಂದಿಗೆ ಹೋಗಬೇಕು. ಅಲ್ಲಿ ತುಂಗಭದ್ರೆಯಲ್ಲಿ ಬಿದಿರಿನ ಹರಿಗೋಲು ದುಂಡಗೆ ತಿರುಗುತ್ತೆ.

ಆದರೆ ಮೆಕೆಂಜಿ ಪರೀಕ್ಷಿಸಿದ್ದು ದೋಣಿಯನ್ನಲ್ಲ, ಕೈಯನ್ನು. ಆ ದೇಶದ ಹೆಂಗಸರಿಗೆ ಕೈಗೆ ಕೆಲಸ ಬೇಕಾದರೆ ದೋಣಿ ಹುಡುಕಬೇಕಾಯ್ತು. ನಮ್ಮವರಿಗೆ ಕೆಲಸ ಹುಡುಕೋ ಗತಿ ಬಂದಿಲ್ಲ. ಕೊಡ ಇದೆ, ಕೊಣಮಿಗೆ ಇದೆ, ಹತ್ತಿ ಇದೆ. ಬೇಕಾಗಿರೋದು ಎಷ್ಟು ಎತ್ತಬೇಕು, ಯಾವಾಗ ಶುರು ಮಾಡಬೇಕು, ಹೇಗೆ ಏರಿಸಬೇಕು ಅಂತ ಹೇಳೋವರು. ಮತ್ತು 20 ಮಂದಿ ಜೊತೆ.

20 ಮಂದಿ ಅಂದಕೂಡಲೇ ನೆನಪಾಗಬೇಕಾದದ್ದು ಸ್ತ್ರೀಶಕ್ತಿ ಸಂಘ. ಈ ಯೋಜನೆ ರಾಜ್ಯದಲ್ಲಿ ಶುರುವಾಗಿದ್ದು 2000-01ರಲ್ಲಿ. ಒಂದೊಂದು ಸಂಘಕ್ಕೆ ಹದಿನೈದು ಇಪ್ಪತ್ತು ಹೆಂಗಸರು. ಡ್ರ್ಯಾಗನ್ ದೋಣಿಯಲ್ಲಿ ಕೂಡೋದೂ ಅಷ್ಟೇ ಮಂದಿ! ವಾರಕ್ಕೊಮ್ಮೆ ಉಳಿತಾಯದ ಲೆಕ್ಕಕ್ಕೆ ಕೂಡೋ ಜಾಗದಲ್ಲಿ ಕಾಲು ತಾಸು ಈ ಮಾತಿಗೆ ಕೊಟ್ಟರೆ ಸಾಲ ಹೆಚ್ಚೇನೂ ಆಗೋದಿಲ್ಲ. ಚಿಕಿತ್ಸೆ ಮುಗಿಸಿ ಬಂದ ಒಬ್ಬ ಅಕ್ಕ ಎದ್ದು ನಿಂತು "ನಂಗೂ ಆಗಿತ್ತು ನೋಡ್ರೆವ್ವಾ, ನಾ ಇದೀನಿ" ಅಂದರೆ ಸಾಕು. ಹತ್ತು ಭಾಷಣ ಮಾಡದ ಕೆಲಸ ಅದು ಮಾಡುತ್ತೆ.

ಹೊತ್ತು ಮೀರೋದು ಇಲ್ಲೇ

ಇದು ದೊಡ್ಡೂರಿನ ರೋಗ, ನಮಗ್ಯಾಕೆ ಅನ್ನೋ ಹಾಗಿಲ್ಲ. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಸ್ತನದ್ದು. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಹೊಸದಾಗಿ ಬಂತು. ಅದೇ ವರ್ಷ ಸತ್ತವರು ಸುಮಾರು 98 ಸಾವಿರ. ಬೇಗ ಕಂಡುಹಿಡಿದರೆ ವಾಸಿಯಾಗೋ ರೋಗದಲ್ಲಿ ಇಷ್ಟು ಸಾವು ಯಾಕೆ?

ಗಂಟು ನೋಯೋದಿಲ್ಲ, ಅದೇ ಮೋಸ. ನೋಯದ ಗಂಟಿಗೆ ಯಾರು ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗ್ತಾರೆ? ಎದೆಯ ಮಾತು ಗಂಡನಿಗೆ ಹೇಳೋಕೆ ನಾಚಿಕೆ, ಅತ್ತೆಗೆ ಹೇಳೋಕೆ ಹೆದರಿಕೆ. ಮಗಳ ಮದುವೆ ಮುಗೀಲಿ, ಸುಗ್ಗಿ ಮುಗೀಲಿ ಅಂತ ದಿನ ದೂಡೋದು. ಇನ್ನೊಂದು ದೊಡ್ಡ ಹೆದರಿಕೆ ಇದೆ. "ಆಪರೇಷನ್ ಆದ್ರ ಕೈ ಹೋಗ್ತೈತಂತ, ದುಡಿಯಾಕ ಬರಂಗಿಲ್ಲಂತ." ಈ ಕೈ ಹೋಗೋ ಹೆದರಿಕೆಯೇ ಹೆಣ್ಣುಮಗಳನ್ನು ಮನೆಯಲ್ಲಿ ಕೂಡಿಸಿ ಗಂಟನ್ನು ಬೆಳೆಸುತ್ತೆ. ಕೆನಡಾದ ದೋಣಿ ಕಥೆ ಇಟಗಿಗೆ ಬೇಕಾಗಿರೋದು ಇದಕ್ಕೇ.

ದುಡ್ಡಿನ ಮಾತಿಗೆ ಬಂದರೆ ದಾರಿ ಇದೆ. 30 ವರ್ಷ ದಾಟಿದ ಹೆಂಗಸರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆ ಪುಕ್ಕಟೆ. ಓಣಿಗೆ ಬರುವ ಆಶಾ ಅಕ್ಕಾರನ್ನು ಕೇಳಿದರೆ ಹೇಳ್ತಾರೆ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲ್ವೆಯಲ್ಲಿ ರಿಯಾಯಿತಿ ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಾದಾ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜೂ ಇಲ್ಲ. ಆದರೆ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ. ಅಷ್ಟು ದಿನ ಊರು ಬಿಟ್ಟರೆ ಮನೆ ನೋಡೋರು ಯಾರು? ಇಲ್ಲೂ ಬೇಕಾಗಿರೋದು ಜೊತೆಯೇ.

ಇಷ್ಟು ಎಚ್ಚರ ಇರಲಿ

ಇದನ್ನು ಓದಿ ನಾಳೆಯೇ ಆಪರೇಷನ್ ಆದವರ ತಲೆ ಮೇಲೆ ಕೊಡ ಇಡಬ್ಯಾಡ್ರಿ! ಮೆಕೆಂಜಿ ಎರಡು ತಿಂಗಳು ತಯಾರಿ ಮಾಡಿಸಿದ್ದು ನೆನಪಿರಲಿ. ಆಪರೇಷನ್ ಆದ ಮೇಲೆ ಡಾಕ್ಟರು ಹೇಳಿದ ದಿನದಿಂದ ಬೆರಳು ಮಡಚಿ ಬಿಚ್ಚೋದು, ಗೋಡೆ ಮೇಲೆ ಬೆರಳು ನಡೆಸುತ್ತ ಕೈ ಮೇಲೇರಿಸೋದು, ಇಂಥ ಸಣ್ಣ ವ್ಯಾಯಾಮ. ಆಮೇಲೆ ಅರ್ಧ ತುಂಬಿದ ಬಿಂದಿಗೆ. ಆಮೇಲೆ ತುಂಬಿದ್ದು. ಕೈ ಬಾತಿದ್ದರೆ ಡಾಕ್ಟರು ಹೇಳಿದ ಬಿಗಿ ತೋಳುಚೀಲ ಹಾಕಿಕೊಂಡೇ ಕೆಲಸ.

ಭಾರಕ್ಕಿಂತ ಹೆಚ್ಚು ಹೆದರಬೇಕಾದ್ದು ಗಾಯಕ್ಕೆ. ಮುಳ್ಳು ಚುಚ್ಚಿದರೆ, ಕುಡುಗೋಲು ತಾಗಿದರೆ, ಒಲೆಯ ಬಿಸಿ ತಗುಲಿದರೆ ತಕ್ಷಣ ತೊಳೆದು ಔಷಧಿ ಹಚ್ಚಬೇಕು. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಓಡಬೇಕು. ಕೀವಾದರೆ ಉಳಿದ ಸಣ್ಣ ಬಸಿಗಾಲುವೆಗಳೂ ಮುಚ್ಚಿಹೋಗುತ್ತವೆ.

ಕಡೆಯ ಮಾತು ಗಂಡಸರಿಗೆ. ಗಲ್ಲಾ ಮುಂದೆ ಕೂತು ಇದನ್ನು ಓದ್ತಿರೋ ಸಾವಕಾರರು, ಬಸ್ಸಿನ ಕಿಟಕಿಗೆ ಒರಗಿ ಓದ್ತಿರೋ ನೌಕರರು ಇವತ್ತು ಮನೆಗೆ ಹೋದಮೇಲೆ ಒಂದು ಮಾತು ಕೇಳಿ ನೋಡಲಿ. ಅವ್ವನನ್ನಾಗಲಿ, ಮನೆಯಾಕೆಯನ್ನಾಗಲಿ. "ತಪಾಸಣೆ ಮಾಡಿಸಿಯೇನು?" ಗಂಡಸು ಕೇಳೋ ಮಾತಲ್ಲ ಅಂತ ಆಕೆ ಬೈಯಬಹುದು. ಬೈಸಿಕೊಂಡರೂ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ಕುಕನೂರು ಬಸ್ಸಿಗೆ ಜೊತೆಗೆ ಹತ್ತಿದರೆ ಆಯ್ತು.